ಕನ್ನೆಸೊಪ್ಪನ್ನು ಬೇರು ಸಮೇತ ಬರೆಯಿರಿ

ಪ್ರಶ್ನೆ: ಬೇಲಿಯ ಮೇಲೆ ಕಾಡುತೊಂಡೆ ಹಬ್ಬಿದೆ. ಹೂವು ರಾಶಿ, ಒಂದೂ ಕಾಯಿಲ್ಲ. ಕಿತ್ತು ಹಾಕಲಾ?
- ಓದುಗರು, ಮಾನ್ವಿ

ಉತ್ತರ: ಬೇಡ. ತೊಂಡೆಯಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಹೂವಿನ ಬುಡದಲ್ಲಿ ಪುಟ್ಟ ಕಾಯಿಯಂಥ ಉಬ್ಬು ಇಲ್ಲದಿದ್ದರೆ ಅದು ಗಂಡು. ಪಕ್ಕದವರ ಬೇಲಿಯಲ್ಲಿ ಕಾಯಿ ಬಿಡೋದು ಇದರ ಪರಾಗದಿಂದಲೇ ಇರಬಹುದು.

ಪ್ರಶ್ನೆ: ನಾನು ಗೇ. ಕಾಡುಗಿಡಗಳ ಚಿತ್ರ ಬರೆಯುತ್ತೇನೆ. 'ನೀನು ಪ್ರಕೃತಿಗೆ ವಿರುದ್ಧ' ಅಂತ ಮನೆಯಲ್ಲಿ ದಿನಾ ಮಾತು. ಕ್ವಿಯರ್ ಇಕಾಲಜಿ ಅಂದ್ರೇನು? ಯಾವ ಗಿಡದಿಂದ ಶುರು ಮಾಡಲಿ?
- ಓದುಗ, ಕುಷ್ಟಗಿ

ಉತ್ತರ: ಮೊದಲು ಆ ಮಾತಿಗೆ ಬರೋಣ. 'ಪ್ರಕೃತಿ ನಿಯಮಕ್ಕೆ ವಿರುದ್ಧ' ಅನ್ನೋದು 1860ರ ದಂಡಸಂಹಿತೆಯ 377ನೇ ಕಲಮಿನ ಭಾಷೆ. ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿಯಾಗಿದೆ. ನಿಮ್ಮ ಬದುಕಿಗೆ ಯಾವ ಗಿಡವೂ ಬಂದು ಸಾಕ್ಷಿ ಹೇಳಬೇಕಿಲ್ಲ. ಆದರೆ ಗಿಡಗಳ ಹೆಸರಲ್ಲಿ ಸುಳ್ಳು ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಗಿಡಗಳಿಗೆ ವರ್ಗ, ಹೆಸರು ಕೊಟ್ಟ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಹೂವಿನೊಳಗೆ ಗಂಡ ಹೆಂಡಿರನ್ನು ಕಂಡ, ಪಕಳೆಗಳನ್ನು ಮದುವೆಯ ಹಾಸಿಗೆ ಅಂದ. ಗಂಡು, ಹೆಣ್ಣು, ಮದುವೆ ಅನ್ನೋ ಅಚ್ಚನ್ನು ಪಕ್ಕಕ್ಕಿಟ್ಟು ಗಿಡ ಹೇಗಿದೆಯೋ ಹಾಗೆ ನೋಡೋದು ಕ್ವಿಯರ್ ಇಕಾಲಜಿಯ ಒಂದು ಮುಖ್ಯ ಕೆಲಸ.

ಕನ್ನೆಸೊಪ್ಪಿನಿಂದ ಶುರು ಮಾಡಿ. ಮಳೆ ಬಿದ್ದ ಮೇಲೆ ನಿಮ್ಮ ಎರೆ ಹೊಲದಲ್ಲಿ ಕಳೆ ಅಂತ ಕಿತ್ತು ಬದುವಿಗೆ ಎಸೀತಾರಲ್ವಾ, ಅದೇ. ಹಸಿರು ದೊನ್ನೆಯಂಥ ಮಡಿಕೆಯಿಂದ ನೀಲಿ ಹೂವು ಇಣುಕುತ್ತದೆ: ಎರಡು ಪಕಳೆ ದೊಡ್ಡವು, ಕೆಳಗಿನದು ಸಣ್ಣದು. ಒಂದೇ ದೊನ್ನೆಯಲ್ಲಿ ಬರೀ ಗಂಡಾದ ಹೂವೂ ಇರುತ್ತದೆ, ಗಂಡು ಹೆಣ್ಣು ಎರಡೂ ಆದ ಹೂವೂ ಇರುತ್ತದೆ. ಸುಮ್ನೆ ನೋಡಿದರೆ ತಿಳಿಯಲ್ಲ. ದೊನ್ನೆ ಬಿಡಿಸಿ, ಭೂತಗನ್ನಡಿ ಹಿಡಿದು ಒಂದೊಂದರ ನಡುವೆ ಅಂಡಾಶಯ ಇದೆಯಾ ನೋಡಿ.

ಇನ್ನು ಬೇರಿನ ಹತ್ತಿರ ಮಣ್ಣು ಕೆದರಿ. ಅಲ್ಲಿ ಬಿಳಿಚಿದ ಕುಡಿಗಳಲ್ಲಿ ಇನ್ನೊಂದು ಬಗೆಯ ಹೂವು ಸಿಗುತ್ತದೆ. ಅದು ಅರಳುವುದೇ ಇಲ್ಲ, ದುಂಬಿಯ ಮುಖ ನೋಡುವುದೂ ಇಲ್ಲ, ಮುಚ್ಚಿಕೊಂಡೇ ತನ್ನ ಪರಾಗದಿಂದ ತಾನೇ ಬೀಜ ಕಟ್ಟಿ ಮಣ್ಣಲ್ಲೇ ಬಿಡುತ್ತದೆ. ಎಷ್ಟೋ ಚಿತ್ರಗಳು ನೆಲದ ಗೆರೆಗೆ ನಿಂತುಬಿಡುತ್ತವೆ. ನೀವು ಹಾಳೆಯ ಅರ್ಧ ಭಾಗ ಮಣ್ಣಿಗೇ ಬಿಡಿ.

ಬಣ್ಣ ಬೆಳಿಗ್ಗೆಯೇ ಹಚ್ಚಿ. ಬಿಸಿಲು ಏರುವ ಹೊತ್ತಿಗೆ ಆ ನೀಲಿ ಕರಗಿ ಮುದ್ದೆಯಾಗುತ್ತದೆ, ಜಾಸ್ತಿ ಹೊತ್ತು ಸಿಗಲ್ಲ. ಮುಗಿದ ಮೇಲೆ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.