ಗರ್ಭಕೋಶದಲ್ಲಿ ಕೀವಿದ್ದರೆ ದನ ಬೆದೆಗೆ ಬರುವುದಿಲ್ಲ, ಯಾಕೆ?

ಬದಿಯಡ್ಕದ ನಿಮ್ಮ ಹಟ್ಟಿಯ ಗಿಡ್ಡ ದನಕ್ಕೆ ಗರ್ಭಕೋಶದಲ್ಲಿ ಕೀವು, ಅದಕ್ಕೂ ಬೆದೆ ನಿಂತದ್ದಕ್ಕೂ ಏನು ಸಂಬಂಧ ಅಂತ ಕೇಳಿದ್ದೀರಿ. ನೇರ ಸಂಬಂಧ ಇದೆ. ಅಂಡಾಣು ಹೊರಬಿದ್ದ ಜಾಗದಲ್ಲಿ ಅಂಡಾಶಯದ ಮೇಲೆ ಹಳದಿ ಗಂಟೊಂದು ಬೆಳೆದು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಬಿಡುತ್ತದೆ. ಅದಿರುವ ತನಕ ಬೆದೆ ಇಲ್ಲ. ಗಬ್ಬ ನಿಲ್ಲದಿದ್ದರೆ ಬೆದೆಯಾದ ಸುಮಾರು 16-17ನೇ ದಿನ ಗರ್ಭಕೋಶದ ಒಳಪದರ ಪ್ರೊಸ್ಟಗ್ಲಾಂಡಿನ್ ಎಂಬ ಹಾರ್ಮೋನಿನಂಥ ರಾಸಾಯನಿಕ ಬಿಡುತ್ತದೆ. ಅದು ಗರ್ಭಕೋಶದ ರಕ್ತನಾಳದಿಂದ, ಅದಕ್ಕೆ ಅಂಟಿಕೊಂಡೇ ಸುತ್ತಿರುವ ಅಂಡಾಶಯದ ರಕ್ತನಾಳಕ್ಕೆ ನೇರವಾಗಿ ದಾಟಿ ಗಂಟನ್ನು ಕರಗಿಸುತ್ತದೆ, 21 ದಿನಕ್ಕೆ ಮತ್ತೆ ಬೆದೆ. ಕೀವು ತುಂಬಿದಾಗ ಈ ಕೆಲಸ ಕೆಡುತ್ತದೆ, ಗಂಟು ಹಾಗೇ ಉಳಿಯುತ್ತದೆ. ಮನುಷ್ಯರಲ್ಲಿ ಹೀಗಲ್ಲ, ಗರ್ಭಕೋಶ ತೆಗೆದರೂ ಅಂಡಾಶಯದ ಚಕ್ರ ನಡೆಯುತ್ತದೆ. ದನಕ್ಕೆ ಡಾಕ್ಟರು ಸಾಮಾನ್ಯವಾಗಿ ಕೊಡುವುದು ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ನೇ. ಆದರೆ ಸುಮ್ನೆ ಹಾಕಿಸಬೇಡಿ, ಗಬ್ಬ ಇದ್ದರೆ ಅದೇ ಇಂಜೆಕ್ಷನ್ನಿಂದ ಕಂದು ಹಾಕಬಹುದು, ಮೊದಲು ಪರೀಕ್ಷೆ ಮಾಡಿಸಿ.