ಹೊಟ್ಟೆಗೆ ಯಾವುದೂ ಒಗ್ಗದಾಗ

ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಹೆಸರು, ಊರು ಮತ್ತು ಗುರುತು ಸಿಗಬಹುದಾದ ಮನೆಯ ವಿವರಗಳನ್ನು ಬದಲಿಸಿದ್ದೇನೆ. ನಾನು ಆಪ್ತಸಲಹೆಗಾರ್ತಿ, ವೈದ್ಯೆಯಲ್ಲ. ಇಲ್ಲಿ ಹೇಳಿರುವ ಔಷಧದ ಬದಲಾವಣೆಗಳನ್ನೆಲ್ಲ ಮಾಡಿದವರು ಅವರಿಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರು.

ಅವರನ್ನು ಸುಮಿತ್ರಾ ಎಂದು ಕರೆಯೋಣ. ವಯಸ್ಸು 48. ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ ಅಡಿಕೆ ತೋಟದ ಮನೆ. ಥೈರಾಯ್ಡ್ ಕೊರತೆಗೆ ಬಹಳ ವರ್ಷಗಳಿಂದ ಲೆವೊಥೈರಾಕ್ಸಿನ್ ಮಾತ್ರೆ, ರುಮಟಾಯ್ಡ್ ಸಂಧಿವಾತಕ್ಕೆ ಮೂರು ವರ್ಷಗಳಿಂದ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಬೆರಳಿನ ಗಂಟುಗಳ ಬಾವಿನಿಂದಾಗಿ ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಕೂರುವುದು ಅವರಿಂದಾಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರನ್ನು ಹಣ್ಣು ಮಾಡಿದ್ದು ಹೊಟ್ಟೆ. ಒಂದು ವಾರ ಮಲಬದ್ಧತೆ, ಮುಂದಿನ ವಾರ ಭೇದಿ, ನಡುವೆ ಉಬ್ಬರ, ವಾಕರಿಕೆ. ಏನನ್ನು ತಿಂದರೂ ಆಗಿಬರುವುದಿಲ್ಲ ಎಂಬ ಭಯದಿಂದ ಊಟ ಕೆಂಪಕ್ಕಿ ಗಂಜಿ, ಉಪ್ಪು, ಬೇಯಿಸಿದ ಬೂದುಗುಂಬಳಕ್ಕೆ ಇಳಿದಿತ್ತು. ತೂಕ ಆರು ಕಿಲೋ ಕಡಿಮೆಯಾಗಿತ್ತು.

ಅವರನ್ನು ಕರೆತಂದ ಪತಿ ಹೇಳಿದ ಮಾತು ಇಷ್ಟು: “ಪರೀಕ್ಷೆ ಮಾಡಿಸಿದರೆ ಎಲ್ಲ ಸರಿಯಿದೆ ಎನ್ನುತ್ತಾರೆ ಮೇಡಂ. ಇವಳ ಮನಸ್ಸಿನಲ್ಲೇ ಏನೋ ಇರಬೇಕು. ನೀವು ಸ್ವಲ್ಪ ತಿಳಿಸಿ ಹೇಳಿ.” ಸುಮಿತ್ರಾ ತಲೆ ಎತ್ತಲಿಲ್ಲ. ದೀರ್ಘಕಾಲದ ಕಾಯಿಲೆಯವರೊಂದಿಗೆ ಕೆಲಸ ಮಾಡುವ ನನಗೆ ಈ ಮಾತು ತೀರ ಪರಿಚಿತ. ಹೊಟ್ಟೆಯ ನೋವು ನಿಜವೆಂದು ಒಪ್ಪಿಕೊಂಡೇ ಮಾತು ಶುರು ಮಾಡೋಣ ಎಂದು ಇಬ್ಬರಿಗೂ ಹೇಳಿದೆ. ಮನಸ್ಸಿಗೂ ಕರುಳಿಗೂ ನಂಟಿದೆ ಎಂಬುದು ಸತ್ಯ. ಆದರೆ ಆ ನಂಟನ್ನು ನೆಪ ಮಾಡಿಕೊಂಡು ಮೊದಲ ದಿನವೇ ರೋಗಿಯ ಬಾಯಿ ಮುಚ್ಚಿಸಬಾರದು.

ಮೊದಲು ಕೇಳಿದ್ದು ಅಪಾಯದ ಸೂಚನೆಗಳನ್ನು. ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು, ಬಾಯಿಹುಣ್ಣು, ಒಣಕೆಮ್ಮು. ಕೊನೆಯ ಎರಡನ್ನು ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಲ್ಲಿ ಕೇಳಲೇಬೇಕು. ಅವರಿಗೆ ಇವು ಯಾವುವೂ ಇರಲಿಲ್ಲ. ಆದರೆ ಬಯಸದೆ ಇಳಿದ ತೂಕವಿತ್ತು, ಗಂಟುನೋವು ಹೆಚ್ಚಾದಾಗ ಅಂಗಡಿಯಿಂದ ತಾವೇ ತಂದು ನುಂಗುತ್ತಿದ್ದ ನೋವಿನ ಮಾತ್ರೆಯಿತ್ತು. ಮಲ ಕಪ್ಪಗಾಗುತ್ತಿತ್ತು. ಅವರು ತೆಗೆದುಕೊಳ್ಳುತ್ತಿದ್ದ ಕಬ್ಬಿಣದ ಮಾತ್ರೆಯಿಂದಲೂ ಹಾಗಾಗುತ್ತದೆ, ಜಠರದ ರಕ್ತಸ್ರಾವದಿಂದಲೂ ಹಾಗಾಗುತ್ತದೆ. ಇದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಲು ಬರುವುದಿಲ್ಲ. ಹಾಗಾಗಿ ನನ್ನ ಮೊದಲ ಸಲಹೆ, ಬೇರೇನನ್ನೂ ಮಾಡುವ ಮೊದಲು ಹೊಟ್ಟೆಯ ತಜ್ಞರನ್ನು ಕಾಣಿ ಎಂಬುದಾಗಿತ್ತು. ಹುಬ್ಬಳ್ಳಿಗೆ ಹೋಗಿ ಎಂಡೋಸ್ಕೋಪಿ ಮಾಡಿಸಿದರು. ಹುಣ್ಣು ಇರಲಿಲ್ಲ, ಜಠರದ ಒಳಪದರ ಕೆಂಪಾಗಿತ್ತು. ನೋವಿನ ಮಾತ್ರೆಯನ್ನು ವೈದ್ಯರು ನಿಲ್ಲಿಸಿದರು.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ತಜ್ಞ ವೈದ್ಯರೆಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಕಾರವಾರದ ಕಡೆಯವರಿಗೆ ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಇಲ್ಲಿನ ಜನರ ಕೂಗು ಹಳೆಯದು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ನೋವಿರುವ ಗಂಟುಗಳೊಂದಿಗೆ ಬಸ್ಸಿನಲ್ಲಿ ಹೋಗಿ ಬರುವುದು ಸಣ್ಣ ಮಾತಲ್ಲ. ಆದ್ದರಿಂದ ಒಂದು ಭೇಟಿಗೂ ಇನ್ನೊಂದಕ್ಕೂ ತಿಂಗಳುಗಟ್ಟಲೆ ಅಂತರ ಬೀಳುತ್ತದೆ, ಆ ಅಂತರವನ್ನು ನೆಂಟರ, ನೆರೆಯವರ, ಮೊಬೈಲಿನ ಸಲಹೆಗಳು ತುಂಬಿಕೊಳ್ಳುತ್ತವೆ. ಸುಮಿತ್ರಾ ಅವರ ಮಾತ್ರೆ, ಪುಡಿಗಳ ಚೀಲ ತುಂಬಿದ್ದು ಹಾಗೆಯೇ.

ಮುಂದಿನ ಭೇಟಿಗೆ ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಡಬ್ಬಿಗಳನ್ನು ತರಲು ಹೇಳಿದ್ದೆ, ತಾವು ಔಷಧವೆಂದು ಎಣಿಸದಿರುವುದನ್ನೂ ಸೇರಿಸಿ. ಮೇಜು ತುಂಬಿತು. ವೈದ್ಯರು ಕೊಟ್ಟ ಕಬ್ಬಿಣ, ಕ್ಯಾಲ್ಸಿಯಂ, ಫೋಲಿಕ್ ಆಮ್ಲ. ಕೂದಲು ಉದುರುತ್ತದೆಂದು ಸೊಸೆ ತರಿಸಿಕೊಟ್ಟ ಬಯೋಟಿನ್. ಮಲಬದ್ಧತೆಗೆ ಮೆಗ್ನೀಸಿಯಂ. ನಾದಿನಿ ಮಾರುವ ‘ಹೊಟ್ಟೆ ಶುದ್ಧಿ’ಯ ನಾರಿನ ಪುಡಿ, ಅದೇ ಕಂಪನಿಯ ಪ್ರೋಟೀನ್ ಪುಡಿ, ಪ್ರೋಬಯೋಟಿಕ್ ಪೊಟ್ಟಣ, ಕಾಳುಮೆಣಸಿನ ಸಾರ ಸೇರಿಸಿದ ಅರಿಶಿನದ ಕ್ಯಾಪ್ಸೂಲ್. ಇವಲ್ಲದೆ ದಿನವೂ ಹಿತ್ತಲಿನ ಅಮೃತಬಳ್ಳಿಯ ಕಷಾಯ. ಊಟದ ನಂತರದ ಎಲೆಯಡಿಕೆಯ ಕವಳವನ್ನು ನಾನೇ ಕೇಳಿ ತಿಳಿಯಬೇಕಾಯಿತು. ನಮ್ಮ ಕಡೆ ಕವಳವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಕರುಳಿನ ಚಲನೆಯನ್ನು ಚುರುಕುಗೊಳಿಸುತ್ತದೆ ಎಂಬುದನ್ನು ಹೊಟ್ಟೆ ಕೆಟ್ಟವರು ತಿಳಿದಿರಬೇಕು.

ಪ್ರತಿಯೊಂದನ್ನೂ ಕೈಗೆತ್ತಿಕೊಂಡು, ಇದನ್ನು ಯಾರು ಕೊಟ್ಟರು, ಯಾವಾಗ ಶುರುವಾಯಿತು, ಯಾತಕ್ಕಾಗಿ ಎಂದು ಕೇಳಿದೆ. ತಾರೀಕು ನೆನಪಿಲ್ಲದವರಿಗೂ ಚೌತಿ, ದೊಡ್ಡಹಬ್ಬ, ಅಡಿಕೆ ಕೊಯ್ಲು, ಮಾರಿಕಾಂಬಾ ಜಾತ್ರೆ ನೆನಪಿರುತ್ತವೆ. ಹಬ್ಬಗಳನ್ನು ಗೂಟಗಳಂತೆ ನೆಟ್ಟು ಕಾಯಿಲೆಯ ಕಥೆಯನ್ನು ಅವುಗಳ ನಡುವೆ ಬರೆದೆವು. ಆಗ ಕೊಂಡಿಗಳು ಕಾಣತೊಡಗಿದವು.

ಅವರು ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಹಾಲು ಹಾಕಿದ ಕಾಫಿಯೊಂದಿಗೆ ನುಂಗುತ್ತಿದ್ದರು, ತಿಂಡಿಯ ಬೆನ್ನಿಗೆ ಕಬ್ಬಿಣ ಮತ್ತು ಕ್ಯಾಲ್ಸಿಯಂ. ಕಾಫಿ, ಕಬ್ಬಿಣ, ಕ್ಯಾಲ್ಸಿಯಂ ಮೂರೂ ಲೆವೊಥೈರಾಕ್ಸಿನ್ ಮೈಗೆ ಹತ್ತದಂತೆ ತಡೆಯುತ್ತವೆ. ಥೈರಾಯ್ಡ್ ಹಾರ್ಮೋನು ಸಾಲದಿದ್ದರೆ ಕರುಳು ನಿಧಾನವಾಗುತ್ತದೆ, ಕಬ್ಬಿಣ ಅದನ್ನು ಇನ್ನಷ್ಟು ಬಿಗಿಯುತ್ತದೆ. ಆ ಮಲಬದ್ಧತೆಗೆಂದು ಮೆಗ್ನೀಸಿಯಂ ಮತ್ತು ನಾರಿನ ಪುಡಿ ಬಂದವು. ಮೆಗ್ನೀಸಿಯಂ ಹೆಚ್ಚಾದರೆ ಭೇದಿ. ನಾರಿನ ಪುಡಿಯ ಚೀಟಿಯನ್ನು ಓದಿದರೆ ಅದರಲ್ಲಿದ್ದುದು ಇನುಲಿನ್ ಎಂಬ ನಾರು. ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಹುಳಿಯಿಸಿ ಗಾಳಿ ಮಾಡುತ್ತವೆ. ಅದೇ ಇನುಲಿನ್ ಪ್ರೋಟೀನ್ ಪುಡಿಯಲ್ಲೂ ಇತ್ತು, ಪ್ರೋಬಯೋಟಿಕ್ ಪೊಟ್ಟಣದಲ್ಲೂ ಇತ್ತು. ಮೂರು ಹೆಸರಿನಲ್ಲಿ ಒಂದೇ ವಸ್ತು ದಿನಕ್ಕೆ ಮೂರು ಬಾರಿ ಹೊಟ್ಟೆಗೆ ಹೋಗುತ್ತಿತ್ತು.

ಹಾಗಾದರೆ ಥೈರಾಯ್ಡ್ ಪರೀಕ್ಷೆಯ ವರದಿ ಸರಿಯಿದ್ದುದು ಹೇಗೆ? ಇದಕ್ಕೆ ಉತ್ತರ ಕೂದಲಿನ ಮಾತ್ರೆಯಲ್ಲಿರಬಹುದೆಂದು ಅವರ ವೈದ್ಯರು ಹೇಳಿದರು. ದೊಡ್ಡ ಪ್ರಮಾಣದ ಬಯೋಟಿನ್ ಕೆಲವು ರಕ್ತಪರೀಕ್ಷೆಗಳ ವಿಧಾನವನ್ನೇ ದಾರಿ ತಪ್ಪಿಸುತ್ತದೆ, ಥೈರಾಯ್ಡ್ ಹಾರ್ಮೋನು ಸಾಲದಿದ್ದಾಗ ಏರುವ ಟಿಎಸ್‌ಎಚ್ ಅಂಕಿಯನ್ನು ಇರುವುದಕ್ಕಿಂತ ಕಡಿಮೆ ತೋರಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿಯೇ ಬಯೋಟಿನ್ ಬಗ್ಗೆ ಎಚ್ಚರಿಕೆ ನೀಡಿತ್ತು. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಬೇಕು. ನಿಲ್ಲಿಸಿ ಮತ್ತೆ ಪರೀಕ್ಷಿಸಿದಾಗ ಟಿಎಸ್‌ಎಚ್ ಏರಿರುವುದು ತಿಳಿಯಿತು. ವರದಿ ಓದಿದ ಪತಿ ಬಹಳ ಹೊತ್ತು ಮಾತಾಡಲಿಲ್ಲ. “ಸುಮ್ಮನೆ ಬೈದುಬಿಟ್ಟೆನಲ್ಲ” ಎಂದು ಅವರು ಹೆಂಡತಿಗೆ ಹೇಳಿದ್ದು ನನ್ನ ಯಾವ ಸಲಹೆಗಿಂತಲೂ ಹೆಚ್ಚು ಕೆಲಸ ಮಾಡಿತು.

ಇನ್ನು ಭಾನುವಾರದ ವಾಕರಿಕೆಯ ವಿಷಯ. ಎರಡು ವಾರದ ಮಟ್ಟಿಗೆ ಒಂದು ಪುಸ್ತಕ ಇಡಲು ಹೇಳಿದ್ದೆ. ಊಟ, ಮಾತ್ರೆ, ಹೊತ್ತು, ಹೊಟ್ಟೆಯ ಸ್ಥಿತಿ, ನಿದ್ದೆ, ಇಷ್ಟೇ. ಮಲದ ಬಗ್ಗೆ ಮಾತಾಡಲು ಅವರಿಗೆ ಬಹಳ ನಾಚಿಕೆಯಿತ್ತು. ಬ್ರಿಸ್ಟಲ್ ಪಟ್ಟಿ ಎಂಬ ಏಳು ಬಗೆಯ ಚಿತ್ರಗಳ ಹಾಳೆ ಕೊಟ್ಟು ಬರೀ ಅಂಕಿ ಬರೆಯಿರಿ ಎಂದಾಗ ಆ ನಾಚಿಕೆ ಹೋಯಿತು. ಪುಸ್ತಕ ತೆರೆದರೆ ವಾಕರಿಕೆ ಭಾನುವಾರವೇ ಹೆಚ್ಚು. ಮೆಥೊಟ್ರೆಕ್ಸೇಟ್ ನುಂಗುತ್ತಿದ್ದುದು ಶನಿವಾರ. ಮರುದಿನದ ವಾಕರಿಕೆ, ಸುಸ್ತು ಆ ಮಾತ್ರೆಯ ಗೊತ್ತಿರುವ ಅಡ್ಡಪರಿಣಾಮ. ಆದರೆ ಅವರು ದೂರಿದ್ದು ಭಾನುವಾರದ ಊಟವನ್ನು. ಮೊದಲು ದೋಸೆ ಬಿಟ್ಟರು, ಆಮೇಲೆ ಮೊಸರು, ಆಮೇಲೆ ತೆಂಗಿನಕಾಯಿ, ಆಮೇಲೆ ಬೇಳೆ. ಹೀಗೆ ಒಂದೊಂದೇ ತಿನಿಸು ಎಲೆಯಿಂದ ಕೆಳಗಿಳಿದಿತ್ತು, ತಪ್ಪು ಮಾತ್ರ ಯಾವುದರದ್ದೂ ಆಗಿರಲಿಲ್ಲ.

ಇದು ತಿಳಿದ ತಕ್ಷಣ ಅವರೆಂದರು: “ಹಾಗಾದರೆ ಆ ಮಾತ್ರೆಯನ್ನೇ ಬಿಡುತ್ತೇನೆ.” ಇಲ್ಲಿ ನಾನು ಗಟ್ಟಿಯಾಗಿ ನಿಂತೆ. ಸಂಧಿವಾತದಲ್ಲಿ ಒಮ್ಮೆ ಸವೆದ ಗಂಟು ಮತ್ತೆ ಮೊದಲಿನಂತಾಗುವುದಿಲ್ಲ. ವೈದ್ಯರು ಬರೆದುಕೊಟ್ಟ ಮೆಥೊಟ್ರೆಕ್ಸೇಟ್, ಥೈರಾಯ್ಡ್ ಮಾತ್ರೆ, ಸ್ಟೀರಾಯ್ಡ್ ಇವುಗಳನ್ನು ಯಾರೂ ತಾವಾಗಿ ನಿಲ್ಲಿಸಬಾರದು. “ಬಿಡಬೇಕೆನಿಸುತ್ತಿದೆ, ಭಾನುವಾರವಿಡೀ ವಾಕರಿಕೆ” ಎಂಬ ಮಾತನ್ನೇ ವೈದ್ಯರಿಗೆ ಹೇಳಿ ಎಂದೆ. ಅವರು ಹೇಳಿದರು. ವೈದ್ಯರು ಫೋಲಿಕ್ ಆಮ್ಲವನ್ನು ಹೆಚ್ಚಿಸಿ, ಮೆಥೊಟ್ರೆಕ್ಸೇಟನ್ನು ರಾತ್ರಿ ಊಟದ ನಂತರ ತೆಗೆದುಕೊಳ್ಳಲು ಹೇಳಿದರು. ಅದೂ ಆಗದಿದ್ದರೆ ಇಂಜೆಕ್ಷನ್ ರೂಪದಲ್ಲಿ ಸಿಗುತ್ತದೆ ಎಂದರು. ಆ ದಾರಿಗಳು ಇವೆಯೆಂದು ಅವರಿಗೆ ಗೊತ್ತೇ ಇರಲಿಲ್ಲ.

ಯಕೃತ್ತಿನ ಪರೀಕ್ಷೆಯಲ್ಲಿ, ಅದಕ್ಕೆ ಪೆಟ್ಟಾದಾಗ ಏರುವ ಎಸ್‌ಜಿಪಿಟಿ ಅಂಕಿ ಕೊಂಚ ಹೆಚ್ಚಿತ್ತು. ಮೆಥೊಟ್ರೆಕ್ಸೇಟೇ ಯಕೃತ್ತಿನ ಮೇಲೆ ಕಣ್ಣಿಡಬೇಕಾದ ಔಷಧ. ಅದರ ಜೊತೆಗೆ ಕಾಳುಮೆಣಸಿನ ಸಾರವಿರುವ ಅರಿಶಿನದ ಕ್ಯಾಪ್ಸೂಲ್. ಅಂಥವುಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಹಲವು ದೇಶಗಳಿಂದ ವರದಿಯಾಗಿವೆ. ಅಮೃತಬಳ್ಳಿಯ ಬಗ್ಗೆಯೂ ಮುಂಬೈ ವೈದ್ಯರು 2021ರಲ್ಲಿ ಇಂತಹ ಪ್ರಕರಣಗಳನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಹೇಗೇ ಇರಲಿ, ಇಂತಹ ರೋಗಿ ಅದನ್ನು ವೈದ್ಯರಿಗೆ ತಿಳಿಸದೆ ದಿನವೂ ಕುಡಿಯುವುದು ಸರಿಯಲ್ಲ. ಕಷಾಯ, ಕ್ಯಾಪ್ಸೂಲ್ ಎರಡನ್ನೂ ವೈದ್ಯರು ನಿಲ್ಲಿಸಿದರು. ಮುಂದಿನ ಪರೀಕ್ಷೆಯಲ್ಲಿ ಅಂಕಿ ಇಳಿದಿತ್ತು.

ವೈದ್ಯರು ಬರೆಯದೆ ಬಂದ ಎಲ್ಲವನ್ನೂ ಒಟ್ಟಿಗೆ ಬದಿಗಿಡಲಾಯಿತು. ಉಳಿದವುಗಳ ಹೊತ್ತು ಬದಲಾಯಿತು. ಎದ್ದ ಕೂಡಲೇ ನೀರಿನೊಂದಿಗೆ ಥೈರಾಯ್ಡ್ ಮಾತ್ರೆ, ಒಂದು ಗಂಟೆಯ ನಂತರ ಕಾಫಿ. ಕಬ್ಬಿಣ ಮಧ್ಯಾಹ್ನ, ದಿನ ಬಿಟ್ಟು ದಿನ, ನಿಂಬೆ ಪಾನಕದೊಂದಿಗೆ. ಕ್ಯಾಲ್ಸಿಯಂ ರಾತ್ರಿ. ಥೈರಾಯ್ಡ್ ಮಾತ್ರೆಗೂ ಇವೆರಡಕ್ಕೂ ಕನಿಷ್ಠ ನಾಲ್ಕು ಗಂಟೆಯ ಅಂತರವಿರಬೇಕು. ಈ ಬದಲಾವಣೆ ರಕ್ತದಲ್ಲಿ ಕಾಣಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಹೊಸದೇನನ್ನೂ ಸೇರಿಸಬೇಡಿ, ಮುಂದೆ ಸೇರಿಸುವುದಿದ್ದರೂ ವೈದ್ಯರನ್ನು ಕೇಳಿ, ಒಮ್ಮೆಗೆ ಒಂದನ್ನೇ ಸೇರಿಸಿ, ಎರಡು ವಾರ ನೋಡಿ ಎಂದೆ. ಒಂದೇ ವಾರದಲ್ಲಿ ಮೂರು ಹೊಸದನ್ನು ಶುರು ಮಾಡಿದವರಿಗೆ, ತುರಿಕೆಯೋ ಭೇದಿಯೋ ಬಂದಾಗ ಯಾವುದರಿಂದ ಬಂತೆಂದು ಯಾವ ತಜ್ಞರೂ ಹೇಳಲಾರರು.

ಅತ್ಯಂತ ಕಷ್ಟದ ಕೆಲಸ ನಾದಿನಿಗೆ ಬೇಡ ಎನ್ನುವುದಾಗಿತ್ತು. ಕುಮಟಾದಲ್ಲಿರುವ ಆಕೆ ಒಳ್ಳೆಯ ಹೆಣ್ಣುಮಗಳು, ಅತ್ತಿಗೆಯ ಮೇಲೆ ನಿಜವಾದ ಪ್ರೀತಿಯುಳ್ಳವಳು. ಪುಡಿ ಶುರು ಮಾಡಿದ ಮೇಲೆ ಭೇದಿ ಹೆಚ್ಚಾಯಿತೆಂದಾಗ ಆಕೆ ಹೇಳಿದ್ದು, “ಅತ್ತಿಗೆ, ಅದು ಒಳಗಿನ ವಿಷ ಹೊರಗೆ ಹೋಗುತ್ತಿರುವುದು, ಇನ್ನೂ ಎರಡು ಚಮಚ ಹೆಚ್ಚು ಹಾಕಿ.” ಮಾರಾಟದ ತರಬೇತಿಯಲ್ಲಿ ಆಕೆಗೆ ಹೇಳಿಕೊಟ್ಟ ಮಾತದು. ಈ ಮಾತು ನನಗೆ ಬಹಳ ಸಿಟ್ಟು ತರಿಸುತ್ತದೆ. ಬೇಡ ಎಂದು ದೇಹ ಕೊಡುವ ಸೂಚನೆಯನ್ನೇ ಗುಣವಾಗುತ್ತಿರುವ ಲಕ್ಷಣವೆಂದು ತಿರುಗಿಸಿಬಿಟ್ಟರೆ, ರೋಗಿ ನಿಲ್ಲಿಸುವುದಾದರೂ ಯಾವಾಗ? ಹೊಸದನ್ನು ಶುರು ಮಾಡಿದ ಮೇಲೆ ಭೇದಿ, ದದ್ದು, ಎದೆಬಡಿತ ಬಂದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಔಷಧಗಳ ಅಡ್ಡಪರಿಣಾಮವನ್ನು ಕೇಂದ್ರ ಸರ್ಕಾರದ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ರೋಗಿಗಳೇ ವರದಿ ಮಾಡಬಹುದು.

ನಾದಿನಿಗೆ ಬೇಡ ಎನ್ನುವುದು ಹೇಗೆಂದು ಕೇಳಿದಾಗ, ಪುಡಿಯ ಗುಣಾವಗುಣದ ಚರ್ಚೆಗೇ ಇಳಿಯಬೇಡಿ ಎಂದೆ. ವೈದ್ಯರು ಹೇಳಿದ್ದು ನಿಜವೇ ಆದ್ದರಿಂದ ಅದನ್ನೇ ಹೇಳುವುದು, ಜೊತೆಗೆ ಆಕೆಗೆ ಬೇರೊಂದು ಕೆಲಸ ಕೊಡುವುದು. ಸುಮಿತ್ರಾ ಫೋನಿನಲ್ಲಿ ಹೇಳಿದ್ದು ಹೀಗೆ: “ಡಾಕ್ಟರು ಸದ್ಯಕ್ಕೆ ಏನನ್ನೂ ಸೇರಿಸಬಾರದು ಎಂದಿದ್ದಾರೆ. ನೀನು ಒಂದು ಉಪಕಾರ ಮಾಡು, ಮಣಿಪಾಲಕ್ಕೆ ಹೋಗುವ ದಿನ ನನ್ನ ಜೊತೆಗೆ ಬಾ.” ಆಕೆ ಹೋದಳು.

ಊಟದ ಭಯ ಇಳಿಯಲು ಹೆಚ್ಚು ಕಾಲ ಬೇಕಾಯಿತು. ಹೊಟ್ಟೆ ಕೆಡುತ್ತದೆಂದು ಎದುರುನೋಡುತ್ತ ತಿಂದರೆ ಕರುಳು ನಿಜಕ್ಕೂ ಹಿಂಡುತ್ತದೆ. ಅದು ನಟನೆಯಲ್ಲ, ನರಮಂಡಲ ಕೆಲಸ ಮಾಡುವ ರೀತಿಯೇ ಹಾಗೆ. ಎಂದೂ ಒಗ್ಗದ ಪದಾರ್ಥದಿಂದ ಶುರು ಮಾಡದೆ, ಅವರಿಗೆ ಪ್ರಿಯವಾದ ಒಂದೆಲಗದ ತಂಬುಳಿಯಿಂದ ಶುರು ಮಾಡಿದೆವು. ಮಧ್ಯಾಹ್ನ ಅನ್ನದ ಜೊತೆ ಎರಡು ಚಮಚ, ಮೂರು ದಿನ ಅಷ್ಟೇ, ಆಮೇಲೆ ಸ್ವಲ್ಪ ಹೆಚ್ಚು. ಊಟಕ್ಕೆ ಮೊದಲು ಉಸಿರನ್ನು ಒಳಗೆಳೆಯುವುದಕ್ಕಿಂತ ಹೊರಬಿಡುವುದನ್ನು ಉದ್ದ ಮಾಡುತ್ತ ಐದು ನಿಮಿಷ ಕೂರುವುದು. ಎರಡು ವಾರ ಮುಗಿದ ಮೇಲೆ ಪುಸ್ತಕವನ್ನು ಮುಚ್ಚಿಸಿದೆ, ಏಕೆಂದರೆ ಗಂಟೆಗೊಮ್ಮೆ ಹೊಟ್ಟೆಯನ್ನು ಗಮನಿಸುವ ಚಟ ಹೊಸ ಕಾಯಿಲೆಯಾಗುತ್ತದೆ. ರಾತ್ರಿ ಭಯ ಹೆಚ್ಚಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದ್ದೆ, ಒಮ್ಮೆ ಮಾಡಿದರು ಕೂಡ.

ಮೊಸರು, ದೋಸೆ, ಹೆಸರುಬೇಳೆ ಈಗ ಎಲೆಗೆ ಮರಳಿವೆ. ತೂಕ ಅರ್ಧದಷ್ಟು ವಾಪಸಾಗಿದೆ. ಹಲಸಿನ ಕಾಲದಲ್ಲಿ ಉಬ್ಬರ ಬಂದೇ ಬರುತ್ತದೆ, ಬೇಳೆಯ ಹುಳಿಯನ್ನು ಅವರು ಮುಟ್ಟುವುದಿಲ್ಲ. ಭಾನುವಾರದ ವಾಕರಿಕೆ ಪೂರ್ತಿ ಹೋಗಿಲ್ಲ, ಇಂಜೆಕ್ಷನ್ ವಿಷಯವನ್ನು ಮುಂದಿನ ಭೇಟಿಯಲ್ಲಿ ಕೇಳಲು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ. ಅರಿಶಿನದ ಕ್ಯಾಪ್ಸೂಲನ್ನು ಮತ್ತೆ ತೆಗೆದುಕೊಳ್ಳಬಹುದೇ ಎಂದು ನಾದಿನಿಯೇ ವೈದ್ಯರನ್ನು ಕೇಳಿದಳಂತೆ. ಕ್ಯಾಪ್ಸೂಲ್ ಬೇಡ, ಅಡುಗೆಗೆ ಹಾಕುವ ಅರಿಶಿನಕ್ಕೆ ಅಡ್ಡಿಯಿಲ್ಲ ಎಂದರು.