ಆರು ಸಿಲಿಂಡರ್‌ನ ಹಡ್ಸನ್ ವಿ8 ಕಾರುಗಳನ್ನು ಸೋಲಿಸಿದ್ದು ಹೇಗೆ?

1950ರ ದಶಕದ ಆರಂಭದಲ್ಲಿ ಬರೀ ಆರು ಸಿಲಿಂಡರ್‌ನ ಅಮೆರಿಕದ ಕಾರು ಹಡ್ಸನ್ ಹಾರ್ನೆಟ್, ಅಲ್ಲಿನ ಕಾರ್ ರೇಸ್ ಸರಣಿಯಾದ ನಾಸ್ಕಾರ್‌ನಲ್ಲಿ ಓಲ್ಡ್ಸ್‌ಮೊಬೈಲ್‌ನಂಥ ವಿ8 (ಎಂಟು ಸಿಲಿಂಡರ್) ಕಾರುಗಳನ್ನು ಹೇಗೆ ಹಿಂದೆ ಹಾಕಿತು ಅಂತ ಕೇಳಿದ್ದೀರಿ. ನನಗೆ ತುಂಬಾ ಇಷ್ಟದ ಕಾರು ಇದು.

ಸಿಲಿಂಡರ್ ಕಡಿಮೆ ಅಂದಮಾತ್ರಕ್ಕೆ ಎಂಜಿನ್ ಚಿಕ್ಕದಲ್ಲ. ಹಾರ್ನೆಟ್‌ನದು 308 ಘನ ಅಂಗುಲ, ಅಂದರೆ ಸುಮಾರು 5 ಲೀಟರ್. ಓಲ್ಡ್ಸ್‌ಮೊಬೈಲ್‌ನ ವಿ8 ಇದ್ದದ್ದು 303. ಆದರೆ ನನ್ನ ಪ್ರಕಾರ ನಿಜವಾದ ಗುಟ್ಟು ಇರುವುದು ಕಾರಿನ ತಳದಲ್ಲಿ. ಆಗಿನ ಹೆಚ್ಚಿನ ಕಾರುಗಳಲ್ಲಿ ತಳ ಚಾಸಿಯ, ಅಂದರೆ ಕಾರನ್ನು ಹೊರುವ ಚೌಕಟ್ಟಿನ, ಮೇಲೆ ಕೂರುತ್ತಿತ್ತು. ಹಡ್ಸನ್‌ನಲ್ಲಿ ಅದು ಚಾಸಿಯ ನಡುವೆ, ತಗ್ಗಿನಲ್ಲಿ. ಬಾಗಿಲು ತೆಗೆದರೆ ಹೊಸ್ತಿಲು ದಾಟಿ ಕೆಳಕ್ಕೆ ಕಾಲಿಡಬೇಕು, ಹಳೇ ಮನೆಯ ಪಡಸಾಲೆಯಿಂದ ಅಂಗಳಕ್ಕೆ ಇಳಿದ ಹಾಗೆ. ಭಾರವೆಲ್ಲ ಕೆಳಗೇ ಇದ್ದುದರಿಂದ, ಮಣ್ಣಿನ ಟ್ರ್ಯಾಕಿನ ತಿರುವಿನಲ್ಲಿ ಬೇರೆ ಕಾರುಗಳು ವಾಲಿದರೆ ಇದು ನೆಲಕ್ಕೆ ಅಂಟಿಕೊಂಡಂತೆ ಹೋಗುತ್ತಿತ್ತು.

ಜೊತೆಗೆ ಎರಡು ಕಾರ್ಬುರೇಟರ್‌ನ (ಎಂಜಿನ್‌ಗೆ ಪೆಟ್ರೋಲು ಮತ್ತು ಗಾಳಿ ಬೆರೆಸಿ ಕೊಡುವ ಭಾಗ) ‘ಟ್ವಿನ್ ಎಚ್-ಪವರ್’ ಬಂತು. ರೇಸಿಗೆ ಬೇಕಾದ ಗಟ್ಟಿ ಬಿಡಿಭಾಗಗಳನ್ನು ಕಂಪನಿಯೇ ‘ಸಿವಿಯರ್ ಯೂಸೇಜ್’ (ಕಠಿಣ ಬಳಕೆ) ಹೆಸರಲ್ಲಿ ಮಾರುತ್ತಿತ್ತು.

1951ರಲ್ಲಿ ಡಾರ್ಲಿಂಗ್ಟನ್‌ನ ಸದರ್ನ್ 500 ರೇಸನ್ನು ಚಾಲಕ ಹರ್ಬ್ ಥಾಮಸ್ ಗೆದ್ದಿದ್ದು ಹಾರ್ನೆಟ್‌ನಲ್ಲೇ. 1952ರಲ್ಲಂತೂ 34 ರೇಸ್‌ಗಳಲ್ಲಿ 27 ಹಡ್ಸನ್ ಪಾಲಾದವು, ಹಡ್ಸನ್ ಓಡಿಸಿದ ಟಿಮ್ ಫ್ಲಾಕ್ ಚಾಂಪಿಯನ್ ಆದರು. ಮರುವರ್ಷ ಆ ಪಟ್ಟ ಥಾಮಸ್‌ಗೆ.

ಇಷ್ಟೆಲ್ಲ ಗೆದ್ದರೂ ಶೋರೂಮಿನಲ್ಲಿ ಕಾರು ಜಾಸ್ತಿ ಮಾರಾಟವಾಗಲಿಲ್ಲ, ಬೇಜಾರಿನ ವಿಷಯ ಅದು. 1954ರಲ್ಲಿ ಹಡ್ಸನ್ ಇನ್ನೊಂದು ಕಾರು ಕಂಪನಿಯಾದ ನ್ಯಾಶ್ ಜೊತೆ ಸೇರಿ ಅಮೆರಿಕನ್ ಮೋಟಾರ್ಸ್ ಆಯಿತು. 1957ರ ಮಾಡೆಲ್‌ಗಳ ನಂತರ ಹಡ್ಸನ್ ಅನ್ನುವ ಹೆಸರೇ ನಿಂತುಹೋಯಿತು.